ಬಿಳಿ ಹೋದರೆ ಮೆಡಿಕಲ್‌ನ ಕಿಟ್ ಸಾಕೇ?

2024ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ 156 ಮಿಶ್ರ ಮದ್ದುಗಳನ್ನು ನಿಷೇಧಿಸಿತು. ಆದರೂ ನಮ್ಮ ಹೆಣ್ಮಕ್ಕಳು ಬಿಳಿ ಹೋಗುತ್ತದೆ, ತುರಿಕೆ ಇದೆ ಎನ್ನಲು ನಾಚಿ, ಮೆಡಿಕಲ್‌ನಿಂದ ಆಂಟಿಬಯಾಟಿಕ್, ಶಿಲೀಂಧ್ರದ ಮದ್ದು ಎರಡೂ ಇರುವ ಕಿಟ್ ತರಿಸಿ ನುಂಗಿ ಸುಮ್ಮನಾಗುವುದುಂಟು.

ಎರಡನ್ನೂ ಒಟ್ಟಿಗೆ ಕೊಡುವುದೇ ತಪ್ಪು ಅಂತಲ್ಲ. ನ್ಯಾಕೋದ ಹಸಿರು ಕಿಟ್‌ನಲ್ಲಿ ಸೆಕ್ನಿಡಝೋಲ್ 2 ಗ್ರಾಂ, ಫ್ಲುಕೊನಝೋಲ್ 150 ಮಿ.ಗ್ರಾಂ ಇರುತ್ತದೆ. ಆದರೆ ಅದು ವಿಚಾರಿಸಿ, ಪರೀಕ್ಷಿಸಿ ಕೊಡುವ ಮದ್ದು. ಲೈಂಗಿಕ ಸೋಂಕು ಹಾಗೇ ಉಳಿದರೆ ಎಚ್‌ಐವಿ ಹತ್ತುವುದೂ ಸುಲಭ; ಒಂದು ಕಾಲಕ್ಕೆ ಎಚ್‌ಐವಿ ಹೆಚ್ಚಿದ್ದ ಬಾಗಲಕೋಟೆ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಮೊಸರಿನಂತೆ ಗಟ್ಟಿಯಾಗಿ ಹೋಗಿ ತುರಿಸಿದರೆ ಸಾಮಾನ್ಯವಾಗಿ ಶಿಲೀಂಧ್ರ. ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಾ ಇರಬಹುದು. ಬೇಡದ ಆಂಟಿಬಯಾಟಿಕ್ ನುಂಗಿದರೆ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಶಿಲೀಂಧ್ರವೇ ಹೆಚ್ಚಬಹುದು. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಫ್ಲುಕೊನಝೋಲ್ ನುಂಗಲೇಬಾರದು. ಕೆಲವು ಸೋಂಕಿಗೆ ಗಂಡನಿಗೂ ಮದ್ದು ಬೇಕು. ಇಲ್ಲದಿದ್ದರೆ ಮತ್ತೆ ಬರುತ್ತದೆ.

ಬಾದಾಮಿ, ಹುನಗುಂದ, ಇಳಕಲ್ ಕಡೆ ವ್ಯಾಪಾರಕ್ಕೆ ಹೋಗಿ ನೆಲೆಸಿದ ನಮ್ಮವರಿಗೂ ಇದೇ ಮಾತು. ಸರಕಾರಿ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆ, ಮದ್ದು ಉಚಿತ. ಲೇಡಿ ಡಾಕ್ಟರ್ ಬೇಕೆಂದು ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ಗಂಡಸರೇ, ಮಾತ್ರೆ ತಂದುಕೊಟ್ಟರೆ ಸಾಲದು, ಜೊತೆಗೆ ಹೋಗಿ.