ಒಪೆರಾ ಹಾಡಿದ ಮೊಲ

ಮಕ್ಕಳೇ, ನಿಮ್ಮಲ್ಲಿ ಒಪೆರಾ ನೋಡಿದವರು ಎಷ್ಟು ಜನ ಎಂದು ಕೇಳಿದರೆ ಒಂದು ಕೈಯೂ ಮೇಲೇಳಲಿಕ್ಕಿಲ್ಲ. ನಿಮ್ಮ ಅಪ್ಪ ಅಮ್ಮನನ್ನು ಕೇಳಿದರೂ ಅಷ್ಟೇ. ಆದರೆ ಬಗ್ಸ್ ಬನ್ನಿ ಎಂಬ ತುಂಟ ಮೊಲವನ್ನು ನೋಡಿದವರು ಯಾರು ಎಂದರೆ ಮನೆಮಂದಿಯೆಲ್ಲ ಎರಡೆರಡು ಕೈ ಎತ್ತುತ್ತೀರಿ. ಹಾಗಿದ್ದರೆ ನೀವು ಒಪೆರಾ ಕೇಳಿದ್ದೀರಿ. ಹೆಸರು ತಿಳಿಯದೆ ಕೇಳಿದ್ದೀರಿ, ಅಷ್ಟೇ. ಈ ವಾರ ಆ ಹೆಸರುಗಳನ್ನು ಹೇಳುತ್ತೇನೆ.

ಒಪೆರಾ ಎಂದರೆ ಮಾತಿನ ಬದಲು ಹಾಡಿನಲ್ಲೇ ನಡೆಯುವ ನಾಟಕ. ರಾಜ ಬಂದರೂ ಹಾಡು, ಕಳ್ಳ ಬಂದರೂ ಹಾಡು. ಎದೆಗೆ ಕತ್ತಿ ನಾಟಿದವನೂ ಒಂದು ಹಾಡು ಮುಗಿಸಿಯೇ ಸಾಯುತ್ತಾನೆ. ನಮ್ಮ ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಒಪೆರಾದಲ್ಲಿ ವೇಷ ಹಾಕಿದವರೇ ಹಾಡಬೇಕು. ಅದೂ ಮೈಕ್ ಇಲ್ಲದೆ, ಎದುರಿಗೆ ಕುಳಿತ ದೊಡ್ಡ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿನವರಿಗೂ ಕೇಳುವಂತೆ! ಇಟಲಿಯ ಭಾಷೆಯಲ್ಲಿ ‘ಒಪೆರಾ’ ಎಂದರೆ ಕೆಲಸ, ಅಂದರೆ ಮಾಡಿದ್ದು. ನಮ್ಮ ಸಂಗೀತದವರು ‘ಕೃತಿ’ ಅನ್ನುತ್ತಾರಲ್ಲ, ಆ ಮಾತಿನ ಮೂಲವೂ ಇದೇ ಅರ್ಥದ್ದು.

ಇದು ಹುಟ್ಟಿದ್ದು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ. ಅಲ್ಲಿನ ಬಾರ್ಡಿ ಎಂಬ ಶ್ರೀಮಂತರ ಮನೆಯಲ್ಲಿ ಕವಿಗಳು, ಸಂಗೀತಗಾರರು, ಪಂಡಿತರು ಸೇರಿ ಹರಟುತ್ತಿದ್ದರು. ಹಳೆಯ ಗ್ರೀಕರು ನಾಟಕಗಳನ್ನು ಹಾಡಿಯೇ ಆಡುತ್ತಿದ್ದರಂತೆ, ನಾವೂ ಹಾಗೆ ಮಾಡಿದರೆ ಹೇಗೆ ಎಂಬುದು ಅವರ ಚರ್ಚೆ. ಆ ಗುಂಪಿನಲ್ಲಿದ್ದ ವಿನ್ಸೆಂಜೊ ಗೆಲಿಲಿ ಯಾರು ಗೊತ್ತೆ? ದೂರದರ್ಶಕದಿಂದ ಗುರು ಗ್ರಹದ ಉಪಗ್ರಹಗಳನ್ನು ಕಂಡ ಗೆಲಿಲಿಯೊನ ತಂದೆ! ಅವರ ಹರಟೆಯ ಫಲವಾಗಿ 1600ರಲ್ಲಿ, ಫ್ರಾನ್ಸಿನ ದೊರೆಯ ಮದುವೆಯ ಸಂಭ್ರಮದಲ್ಲಿ, ಯಾಕೊಪೊ ಪೆರಿ ಎಂಬಾತನ ‘ಯೂರಿದಿಚೆ’ ನಡೆಯಿತು. ಪೂರ್ತಿ ಸಂಗೀತ ಸಮೇತ ಉಳಿದುಬಂದಿರುವ ಒಪೆರಾಗಳಲ್ಲಿ ಅದೇ ಅತ್ಯಂತ ಹಳೆಯದು.

ಆಗ ಒಪೆರಾ ಅರಮನೆಯ ಸೊತ್ತು. 1637ರಲ್ಲಿ ವೆನಿಸ್ ನಗರದ ಸ್ಯಾನ್ ಕಸ್ಸಿಯಾನೊ ರಂಗಮಂದಿರ ದುಡ್ಡು ಕೊಟ್ಟವರಿಗೆಲ್ಲ ಬಾಗಿಲು ತೆರೆಯಿತು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ ಈ ಇಸವಿ ಬಹಳ ಮುಖ್ಯವೆನಿಸುತ್ತದೆ. ಟಿಕೆಟ್ ಕೊಂಡವನಿಗೆ ನಗುವ ಹಕ್ಕೂ ಬರುತ್ತದೆ, ಕೂಗಾಡುವ ಹಕ್ಕೂ ಬರುತ್ತದೆ. ದೊರೆಯ ಮದುವೆಯಲ್ಲಿ ಶಿಳ್ಳೆ ಹೊಡೆಯುವವರುಂಟೆ?

ಆ ಹಕ್ಕನ್ನು ರೋಮ್ ನಗರದ ಜನ ಹೇಗೆ ಚಲಾಯಿಸಿದರು ಕೇಳಿ. 1816ರ ಫೆಬ್ರುವರಿ 20. ರೊಸ್ಸಿನಿ ಎಂಬ ತರುಣನ ಹೊಸ ಒಪೆರಾ ‘ಸೆವಿಲ್ ನಗರದ ಕ್ಷೌರಿಕ’ದ ಮೊದಲ ರಾತ್ರಿ. ಅವನಿಗಿನ್ನೂ 24 ತುಂಬಿರಲಿಲ್ಲ. ಇದೇ ಕಥೆಯನ್ನು ಪೈಸಿಯೆಲ್ಲೊ ಎಂಬ ಹಿರಿಯ ಮೊದಲೇ ಒಪೆರಾ ಮಾಡಿ ಹೆಸರು ಗಳಿಸಿದ್ದ. ಅವನ ಅಭಿಮಾನಿಗಳು ಗಲಾಟೆ ಮಾಡಲೆಂದೇ ಬಂದಿದ್ದರು. ಒಬ್ಬ ಗಾಯಕ ಎಡವಿ ಬಿದ್ದು ಮೂಗಿನಿಂದ ರಕ್ತ ಸುರಿಸುತ್ತಲೇ ಹಾಡಿದನಂತೆ. ಅದು ಸಾಲದೆಂದು ನಡುವೆ ಒಂದು ಬೆಕ್ಕು ರಂಗದ ಮೇಲೆ ಬಂದುಬಿಟ್ಟಿತಂತೆ! ಜನ ಮಿಯಾಂವ್ ಮಿಯಾಂವ್ ಎಂದು ಅರಚಿದರಂತೆ. ಮರುದಿನ ರೊಸ್ಸಿನಿ ಮನೆ ಬಿಟ್ಟು ಹೊರಡಲಿಲ್ಲ. ಆದರೆ ಎರಡನೇ ರಾತ್ರಿ ಅದೇ ಒಪೆರಾ ಗೆದ್ದಿತು. ಇಂದಿಗೂ ಪ್ರಪಂಚದ ತುಂಬ ಆಡುತ್ತಲೇ ಇದ್ದಾರೆ.

ಇನ್ನೂ ಒಂದು ತಮಾಷೆ. ಆ ಒಪೆರಾದ ಪರದೆ ಏಳುವ ಮೊದಲು ನುಡಿಸುವ ಪ್ರಸಿದ್ಧ ಮುನ್ನುಡಿ ಸಂಗೀತವಿದೆಯಲ್ಲ, ಅದು ಈ ಒಪೆರಾಕ್ಕೆಂದು ಬರೆದದ್ದೇ ಅಲ್ಲ. ರೊಸ್ಸಿನಿ ತನ್ನದೇ ಎರಡು ಹಳೆಯ ಒಪೆರಾಗಳಲ್ಲಿ ಬಳಸಿದ್ದನ್ನು ಮೂರನೆಯ ಸಲ ಇಲ್ಲಿ ತಂದಿಟ್ಟ. ನಮ್ಮ ಲೆಡ್ಜರಿನ ಭಾಷೆಯಲ್ಲಿ ಹೇಳುವುದಾದರೆ, ಹಿಂದಿನ ಪುಟದ ಬಾಕಿಯನ್ನು ಮುಂದಿನ ಪುಟಕ್ಕೆ ಎಳೆದುಕೊಂಡ!

ಆ ಬಾಕಿ ಇನ್ನೂ ಮುಂದಕ್ಕೆ ಹೋಯಿತು, 1950ಕ್ಕೆ, ಅಮೆರಿಕದ ವಾರ್ನರ್ ಬ್ರದರ್ಸ್ ಸ್ಟುಡಿಯೊಕ್ಕೆ. ನಿರ್ದೇಶಕ ಚಕ್ ಜೋನ್ಸ್, ಕಥೆ ಮೈಕೆಲ್ ಮಾಲ್ಟೀಸ್. ಚಿತ್ರದ ಹೆಸರು ‘ರ‍್ಯಾಬಿಟ್ ಆಫ್ ಸೆವಿಲ್’. ಬಾರ್ಬರ್ ಹೋಗಿ ರ‍್ಯಾಬಿಟ್ ಬಂತು. ಬೇಟೆಗಾರ ಎಲ್ಮರ್ ಫಡ್ ಅಟ್ಟಿಸಿಕೊಂಡು ಬರುತ್ತಾನೆ, ಬಗ್ಸ್ ಓಡಿ ಓಡಿ ಒಪೆರಾ ರಂಗದ ಹಿಂಬದಿಗೆ ಬರುತ್ತದೆ, ಪರದೆ ಏಳುತ್ತದೆ. ವಾದ್ಯವೃಂದದ ಮುಖ್ಯಸ್ಥ ಗಡಿಯಾರ ನೋಡಿ, ಭುಜ ಕುಣಿಸಿ, ನುಡಿಸಲು ಶುರುಮಾಡಿಯೇ ಬಿಡುತ್ತಾನೆ. ಮುಂದೆ ಮೊಲವೇ ಕ್ಷೌರಿಕ. ಪಿಟೀಲು ಓಡಿದಂತೆ ಬೆರಳು ಓಡುತ್ತದೆ, ತಲೆ ತಿಕ್ಕುವುದಕ್ಕೆ ಕೈ ಸಾಲದೆ ಕಾಲೂ ಬರುತ್ತದೆ. ಕೊನೆಗೆ ಎಲ್ಮರನನ್ನು ಮದುವಣಗಿತ್ತಿ ಮಾಡಿ ಮೇಲಿನಿಂದ ಮದುವೆ ಕೇಕಿನೊಳಗೆ ಬೀಳಿಸುತ್ತದೆ. ಆ ಕೇಕಿನ ಮೇಲೆ ‘ಫಿಗರೊನ ಮದುವೆ’ ಎಂದು ಬರೆದಿದೆ. ಸಣ್ಣವರು ಕೇಕಿಗೆ ನಗುತ್ತಾರೆ, ಒಪೆರಾ ಬಲ್ಲವರು ಅಕ್ಷರಕ್ಕೆ ನಗುತ್ತಾರೆ. ಏಕೆಂದರೆ ಸೆವಿಲ್ಲಿನ ಆ ಕ್ಷೌರಿಕನ ಹೆಸರು ಫಿಗರೊ. ಅವನ ಮದುವೆಯ ಕಥೆಯನ್ನು ಮೊಜಾರ್ಟ್ 1786ರಲ್ಲೇ ಒಪೆರಾ ಮಾಡಿದ್ದ.

ಕಾರ್ಟೂನಿನವರಿಗೆ ಒಪೆರಾ ಏಕೆ ಬೇಕಾಯಿತು? ವಾರ್ನರ್ ಚಿತ್ರಗಳ ಸಂಗೀತಗಾರ ಕಾರ್ಲ್ ಸ್ಟಾಲಿಂಗ್ ಮೂಕಿಚಿತ್ರಗಳ ಕಾಲದಲ್ಲಿ ಥಿಯೇಟರಿನಲ್ಲಿ ಕುಳಿತು ಆರ್ಗನ್ ನುಡಿಸುತ್ತಿದ್ದವರು. ಪರದೆಯ ಮೇಲೆ ಬಿರುಗಾಳಿ ಬಂದರೆ ಬಿರುಗಾಳಿಯ ಸಂಗೀತ, ಮದುವೆ ಬಂದರೆ ಮದುವೆಯದು, ಆ ಕ್ಷಣಕ್ಕೆ ಕೈಗೆ ಬರಬೇಕು. ಒಪೆರಾದಲ್ಲಿ ಇವೆಲ್ಲ ಸಿದ್ಧವಾಗಿದ್ದವು. ನಮ್ಮೂರಿನ ಚರ್ಚುಗಳಲ್ಲಿ ಮದುವಣಗಿತ್ತಿ ಒಳಗೆ ಬರುವಾಗ ಕೇಳಿಸುವ ಆ ಮೆಲುನಡೆಯ ಸಂಗೀತವೂ ವಾಗ್ನರ್ ಎಂಬ ಜರ್ಮನ್ ಸಂಗೀತಗಾರನ 1850ರ ‘ಲೋಹೆನ್‌ಗ್ರಿನ್’ ಒಪೆರಾದ್ದೇ. ಹಳೆಯ ಸಂಗೀತಕ್ಕೆ ಹಕ್ಕಿನ ದುಡ್ಡು ಕಟ್ಟಬೇಕಾಗಿರಲಿಲ್ಲ ಎಂಬ ಲಾಭವೂ ಇತ್ತೆನ್ನಿ.

ಇನ್ನು ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಹನ್ನೆರಡು ಚಿತ್ರಕ್ಕೊಂದು ತಾಳದ ಪೆಟ್ಟು ಎಂದರೆ ಸೆಕೆಂಡಿಗೆ ಎರಡು ಪೆಟ್ಟು, ನಿಮಿಷಕ್ಕೆ 120. ಮೊಲ ಯಾವ ಚಿತ್ರದಲ್ಲಿ ಕಾಲೆತ್ತಬೇಕು, ಯಾವುದರಲ್ಲಿ ಇಳಿಸಬೇಕು ಎಂಬುದನ್ನು ಹೀಗೆ ಎಣಿಸಿಯೇ ಬರೆಯುತ್ತಿದ್ದರು. ಒಂದು ಚಿತ್ರ ಹೆಚ್ಚುಕಡಿಮೆಯಾದರೂ ಕಣ್ಣು ಕಿವಿ ಜಗಳಕ್ಕೆ ನಿಲ್ಲುತ್ತವೆ. ಸಾಯಂಕಾಲ ಐದು ಪೈಸೆ ವ್ಯತ್ಯಾಸ ಬಂದರೆ ಮನೆಗೆ ಹೋಗದೆ ಹುಡುಕುತ್ತಿದ್ದ ನಮ್ಮಂಥ ಗುಮಾಸ್ತರಿಗೆ ಆ ಜನರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ನಮ್ಮ ದೇಶಕ್ಕೆ ಬಂದಾಗ ನಮ್ಮ ತಾಯಿ ಇನ್ನೂ ಇದ್ದರು. ಇಂಗ್ಲಿಷ್ ಒಂದಕ್ಷರ ಬಾರದು. ಅವರೆಕಾಳು ಸುಲಿಯುತ್ತ ಮೊಮ್ಮಗಳ ಪಕ್ಕ ಕುಳಿತು ನೋಡುವರು. ಒಂದು ಮಟ್ಟು ಬಂದರೆ ಸಾಕು, “ಬಂತು ನೋಡೇ ಪುಟ್ಟಿ, ಕುದುರೆ ಹಾಡು” ಎನ್ನುವರು. ಅದು ರೊಸ್ಸಿನಿಯ 1829ರ ‘ವಿಲಿಯಂ ಟೆಲ್’ ಒಪೆರಾದ ಮುನ್ನುಡಿಯ ಕೊನೆಯ ಭಾಗ. ಸಂಗೀತದ ಪುಸ್ತಕಗಳೂ ಅದನ್ನು ಕುದುರೆಯ ನಾಗಾಲೋಟಕ್ಕೇ ಹೋಲಿಸುತ್ತವೆ! 1935ರ ‘ದಿ ಬ್ಯಾಂಡ್ ಕನ್ಸರ್ಟ್’ ಚಿತ್ರದಲ್ಲಿ ಮಿಕ್ಕಿ ಮೌಸ್ ನುಡಿಸಲು ಹೊರಡುವುದು ಇದೇ ಸಂಗೀತವನ್ನು. ಬಿರುಗಾಳಿಯ ಭಾಗಕ್ಕೆ ಬಂದಾಗ ನಿಜವಾದ ಸುಂಟರಗಾಳಿಯೇ ಎದ್ದು ಬ್ಯಾಂಡಿನವರನ್ನೆಲ್ಲ ಆಕಾಶಕ್ಕೆ ಒಯ್ಯುತ್ತದೆ. ಅಲ್ಲಿ ಗಿರಗಿರನೆ ತಿರುಗುತ್ತಲೂ ಅವರು ನುಡಿಸುವುದನ್ನು ಬಿಡುವುದಿಲ್ಲ.

ಇಲ್ಲಿ ಹಿರಿಯರು ಒಂದು ಪ್ರಶ್ನೆ ಕೇಳಬಹುದು. ದೊಡ್ಡವರ ದೊಡ್ಡ ಕೆಲಸವನ್ನು ಹೀಗೆ ಮೊಲ ಇಲಿಗಳ ಕೈಗೆ ಕೊಟ್ಟು ಗೇಲಿ ಮಾಡುವುದು ಸರಿಯೆ?

ಅದಕ್ಕೆ ವಾಗ್ನರನ ಕಥೆ ಹೇಳಬೇಕು. ಅವನ ‘ರಿಂಗ್’ ಎಂಬುದು ನಾಲ್ಕು ಒಪೆರಾಗಳ ಸರಣಿ, ನಾಲ್ಕು ರಾತ್ರಿ, ಒಟ್ಟು ಸುಮಾರು 15 ಗಂಟೆ. ಬರೆದು ಮುಗಿಸಲು 26 ವರ್ಷ ಹಿಡಿಯಿತು. ಅದಕ್ಕಾಗಿಯೇ ಬೈರಾಯ್ಟ್ ಎಂಬ ಊರಿನಲ್ಲಿ ರಂಗಮಂದಿರ ಕಟ್ಟಿಸಿ 1876ರಲ್ಲಿ ಆಡಿಸಿದ. ಸಂಗೀತಗಾರನಾಗಿ ಮಹಾ ಪ್ರತಿಭಾವಂತ. ಆದರೆ ಅದೇ ಕೈಯಿಂದ ಯಹೂದಿ ಜನರನ್ನು ಹೀಯಾಳಿಸಿ ಲೇಖನವನ್ನೂ ಬರೆದ. ಅವನು ಸತ್ತು ಎಷ್ಟೋ ವರ್ಷಗಳ ಮೇಲೆ ಹಿಟ್ಲರ್ ಬಂದ. ಅವನಿಗೆ ವಾಗ್ನರ್ ಎಂದರೆ ಪ್ರಾಣ. ಆ ಸಂಗೀತ ನಾಜಿಗಳ ಮೆರವಣಿಗೆಯ ಪೋಷಾಕಾಯಿತು.

1945ರ ಜನವರಿ. ಯುದ್ಧ ಇನ್ನೂ ಮುಗಿದಿಲ್ಲ. ಆಗ ವಾರ್ನರ್ ಸ್ಟುಡಿಯೊ ‘ಹರ್ ಮೀಟ್ಸ್ ಹೇರ್’ ಎಂಬ ಚಿತ್ರ ಹೊರತಂದಿತು. ಬಗ್ಸ್ ಬನ್ನಿ ದಾರಿ ತಪ್ಪಿ ಜರ್ಮನಿಯ ಕಾಡಿನಲ್ಲಿ ಬಿಲ ತೋಡಿ ಮೇಲೇಳುತ್ತದೆ. ಅಲ್ಲಿ ಬೇಟೆಯಾಡುತ್ತಿರುವವನು ಹಿಟ್ಲರನ ಬಲಗೈ ಬಂಟ ಗೋರಿಂಗ್. ಮೊಲ ವಾಗ್ನರನ ವೀರಕನ್ಯೆ ಬ್ರೂನ್‌ಹಿಲ್ಡೆಯ ವೇಷ ಹಾಕಿ, ಬಿಳಿ ಕುದುರೆಯೇರಿ, ವಾಗ್ನರನ ಸಂಗೀತಕ್ಕೇ ಹೆಜ್ಜೆ ಹಾಕುತ್ತ ಬಂದು ಗೋರಿಂಗನನ್ನು ಮಂಗ ಮಾಡುತ್ತದೆ. ನಿರ್ದೇಶಕ ಫ್ರಿಜ್ ಫ್ರೆಲೆಂಗ್ ಯಹೂದಿ ಮನೆತನದವರು. ತಮ್ಮವರ ವಿರುದ್ಧ ಬೀಸಿದ ಚಾಟಿಯನ್ನು ಕಿತ್ತುಕೊಂಡು ಹೀಗೆ ನಗೆಯ ಜೋಕಾಲಿ ಕಟ್ಟಿದರು.

ಅದರ ಕಥೆ ಬರೆದವರೂ ಅದೇ ಮಾಲ್ಟೀಸ್. 12 ವರ್ಷದ ಮೇಲೆ, 1957ರಲ್ಲಿ, ಅವರೂ ಚಕ್ ಜೋನ್ಸ್ ಕೂಡಿ ಆ ವೇಷವನ್ನು ಮತ್ತೆ ತೊಡಿಸಿದರು. ಅದೇ ‘ವಾಟ್ಸ್ ಒಪೆರಾ, ಡಾಕ್?’ ಈ ಸಲ ವಾಗ್ನರನ ಹಲವಾರು ಒಪೆರಾಗಳ ಸಾರವೆಲ್ಲ ಏಳು ನಿಮಿಷದೊಳಗೆ. ಎಲ್ಮರ್ ಈಟಿ ಹಿಡಿದ ವೀರ, ಮೊಲ ಬ್ರೂನ್‌ಹಿಲ್ಡೆ. ಇಬ್ಬರೂ ಪ್ರೀತಿಯಿಂದ ನರ್ತಿಸುತ್ತಾರೆ. ಅಷ್ಟರಲ್ಲಿ ಶಿರಸ್ತ್ರಾಣ ಉರುಳಿ ಉದ್ದ ಕಿವಿ ಹೊರಬೀಳುತ್ತದೆ. ಕೋಪಗೊಂಡ ಎಲ್ಮರ್ ಮಿಂಚು ಬಿರುಗಾಳಿಗಳನ್ನೆಲ್ಲ ಕರೆದು ಮೊಲವನ್ನು ಕೊಲ್ಲುತ್ತಾನೆ. ಆಮೇಲೆ ಅದನ್ನು ಎತ್ತಿಕೊಂಡು ಅಳುತ್ತ ನಡೆಯುತ್ತಾನೆ. ಆ ಕ್ಷಣ ಮಕ್ಕಳ ಗಂಟಲೂ ಕಟ್ಟುತ್ತದೆ. ಆಗ ಸತ್ತ ಮೊಲ ತಲೆಯೆತ್ತಿ, ಒಪೆರಾ ಎಂದ ಮೇಲೆ ಸುಖಾಂತ ಎಲ್ಲಿಂದ ಬರಬೇಕು ಎಂದು ನಮ್ಮನ್ನೇ ಕೇಳುತ್ತದೆ!

ಈ ಚಿತ್ರಕ್ಕೆ ಮಾಮೂಲಿಗಿಂತ ಹೆಚ್ಚು ವಾರ ಬೇಕಾಯಿತು. ಸ್ಟುಡಿಯೊ ಒಪ್ಪುವಂತಿರಲಿಲ್ಲ. ಜೋನ್ಸ್ ಬಳಗದವರು ಹಾಜರಿ ಚೀಟಿಯಲ್ಲಿ ಆ ಸಮಯವನ್ನು ರೋಡ್ ರನ್ನರ್ ಚಿತ್ರದ ಲೆಕ್ಕಕ್ಕೆ ಬರೆದುಬಿಟ್ಟರು. ನಮ್ಮ ಆಡಿಟರುಗಳ ಕೈಗೆ ಸಿಕ್ಕಿದ್ದರೆ ಕೆಂಪು ಶಾಯಿ ಮುಗಿದುಹೋಗುತ್ತಿತ್ತು. ಅಮೆರಿಕ ಸರ್ಕಾರದವರು ಮಾತ್ರ 1992ರಲ್ಲಿ ಆ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿ ಕಾಪಾಡಿಟ್ಟಿದ್ದಾರೆ.

ಗೇಲಿ ಸರಿಯೆ ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟು. ಆ ಕಾರ್ಟೂನುಗಳಲ್ಲಿ ಮೊಲ ಹುಡುಗಾಟ ಆಡುತ್ತದೆ, ವಾದ್ಯ ನುಡಿಸುವವರು ಆಡುವುದಿಲ್ಲ. ಸುಮಾರು 50 ಜನರ ವೃಂದ ಸ್ವರ ತಪ್ಪದೆ, ಒಪೆರಾ ಮಂದಿರದಲ್ಲಿ ಕುಳಿತಷ್ಟೇ ಶ್ರದ್ಧೆಯಿಂದ ನುಡಿಸುತ್ತಿತ್ತು. ಅವರ ಮುಖ ಪರದೆಯ ಮೇಲೆ ಬಾರದು. ಆದರೆ ಅವರು ಬಿಲ್ಲು ಎಳೆದದ್ದರಿಂದಲೇ ರೊಸ್ಸಿನಿ ನಮ್ಮ ಮನೆಯ ಅವರೆಕಾಳಿನ ಮೊರದ ತನಕ ಬಂದ.

ಈ ವಾರದ ಕೆಲಸ ಹೀಗಿದೆ. ‘ರ‍್ಯಾಬಿಟ್ ಆಫ್ ಸೆವಿಲ್’ ಸಿಕ್ಕರೆ ಮೊದಲು ದನಿ ಪೂರ್ತಿ ನಿಲ್ಲಿಸಿ ಎರಡು ನಿಮಿಷ ನೋಡಿ. ಆಮೇಲೆ ದನಿ ಇಟ್ಟು, ಕಣ್ಣು ಮುಚ್ಚಿ, ಅದೇ ಎರಡು ನಿಮಿಷ ಕೇಳಿ. ಕೊನೆಗೆ ಎರಡನ್ನೂ ಕೂಡಿಸಿ. ಅಜ್ಜಿ ತಾತ ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಆ ಸಂಗೀತಕ್ಕೆ ಅವರು ಏನು ಹೆಸರಿಟ್ಟರು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಚೆನ್ನಾಗಿರುವುದನ್ನು ಮುಂದೊಂದು ವಾರ ಇದೇ ಪುಟದಲ್ಲಿ ಹಾಕೋಣ.