ನೀರಿನ ಭಯವನ್ನು ಗೆದ್ದ ನಿಶಾ ಮಿಲೆಟ್

ಕಾಳಿ ನದಿಯು ಜೋಯಿಡಾದ ಕಾಡಿನಲ್ಲಿ ಹುಟ್ಟಿ, ಕೈಗಾದ ಮಗ್ಗುಲಲ್ಲಿ ಕದ್ರಾ ಜಲಾಶಯವಾಗಿ ನಿಂತು, ಸದಾಶಿವಗಡದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಂಕೋಲೆಯ ಕಡೆಗೆ ನಡೆದರೆ ಗಂಗಾವಳಿ. ಇಂತಹ ಜಲಸಮೃದ್ಧ ನಾಡಿನಲ್ಲಿ ಬೆಳೆಯುವ ನಮ್ಮ ಹೆಣ್ಣುಮಕ್ಕಳಿಗೆ ನೀರಿನ ವಿಷಯದಲ್ಲಿ ನಾವು ಕಲಿಸುವ ಪಾಠ ಒಂದೇ: ‘ಹತ್ತಿರ ಹೋಗಬೇಡ.’ ಈ ಪಾಠ ಸಾಲದೆಂಬುದಕ್ಕೆ ಕರ್ನಾಟಕದ ಈಜುಗಾರ್ತಿ ನಿಶಾ ಮಿಲೆಟ್ ಅವರ ಬಾಳೇ ನಿದರ್ಶನ.

1982ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ನಿಶಾ, ಐದರ ಎಳೆವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ಪ್ರಾಣಾಪಾಯದಿಂದ ಪಾರಾದರು. ಬೇರೆ ತಂದೆಯಾಗಿದ್ದರೆ ಮಗಳನ್ನು ಕೊಳದ ಸನಿಹಕ್ಕೂ ಬಿಡುತ್ತಿರಲಿಲ್ಲವೇನೋ. ಅವರ ತಂದೆಯಾದರೋ ಮಗಳು ಈಜು ಕಲಿಯಲೇಬೇಕೆಂದು ನಿಶ್ಚಯಿಸಿದರು. 1991ರಲ್ಲಿ ಚೆನ್ನೈನಲ್ಲಿ ಆರಂಭವಾದ ಆ ಅಭ್ಯಾಸ ಬೆಂಗಳೂರಿನಲ್ಲಿ ಬಲಿತು, 1999ರ ಇಂಫಾಲ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಸ್ವರ್ಣಪದಕಗಳ ಫಲವಿತ್ತಿತು. ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ 2000ನೆಯ ಇಸವಿಯಲ್ಲಿಯೇ, ಅವರು ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್ ಮುಕ್ತಶೈಲಿಯ ಈಜಿನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿತು.

ಅನಂತರ ಬೆನ್ನಿನ ಶಸ್ತ್ರಚಿಕಿತ್ಸೆ ಎದುರಾಯಿತು. 2004ರ ಒಲಿಂಪಿಕ್ಸ್‌ನ ಅರ್ಹತೆ ಅಲ್ಪ ಅಂತರದಲ್ಲಿ ತಪ್ಪಿತು. ಆದರೆ ಅವರು ನೀರನ್ನು ತೊರೆಯಲಿಲ್ಲ. ಇತರರಿಗೆ ಈಜು ಕಲಿಸುವುದನ್ನೇ ಕಾಯಕವಾಗಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಇದು ಪದಕಗಳಿಗಿಂತ ಮಿಗಿಲಾದ ಸಾಧನೆ.

ಈಜು ಹೆಣ್ಣುಮಕ್ಕಳಿಗೆ ಒಪ್ಪುವಂತಹುದಲ್ಲ, ಓದಿಗೆ ಅಡ್ಡಿ ಎಂಬ ಆಕ್ಷೇಪವನ್ನು ನಾನು ಬಲ್ಲೆ. 1959ರಲ್ಲಿಯೇ ಬಂಗಾಳದ ಆರತಿ ಸಾಹಾ, ಮೊದಲ ಯತ್ನದಲ್ಲಿ ಸೋತರೂ ಎದೆಗುಂದದೆ ಇಂಗ್ಲಿಷ್ ಕಾಲುವೆಯನ್ನು ಈಜಿ, ಆ ಸಾಧನೆಗೈದ ಏಷ್ಯಾದ ಮೊದಲ ಮಹಿಳೆಯಾದರು. ಇನ್ನು ನಮ್ಮ ಪರಂಪರೆಯನ್ನೇ ನೋಡೋಣ. ಹನ್ನೆರಡನೆಯ ಶತಮಾನದಲ್ಲಿ ಶರಣೆಯರಿಗೆ ಅನುಭವ ಮಂಟಪದಲ್ಲಿ ಸಮಾನ ಸ್ಥಾನವಿತ್ತ ಪರಂಪರೆಯ ವಾರಸುದಾರರು, ಮಗಳಿಗೆ ತನ್ನ ಜೀವವನ್ನು ತಾನೇ ಉಳಿಸಿಕೊಳ್ಳುವ ವಿದ್ಯೆಯನ್ನು ನಿರಾಕರಿಸುವುದು ತರವೇ?

ಹಾಗೆಂದು ಮಕ್ಕಳನ್ನು ಹೊಳೆಗಿಳಿಸಬೇಕೆಂದಲ್ಲ. ಜಲಾಶಯದ ಆಳ ಕಣ್ಣಿಗೆ ಕಾಣದು; ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಹೊಳೆ ಏರುತ್ತದೆ. ಬೇಕಾದುದು ಆಳ ಕಡಿಮೆಯಿರುವ ಸುರಕ್ಷಿತ ಕೊಳ, ನುರಿತ ಶಿಕ್ಷಕಿ, ಬಾಲಕಿಯರಿಗೆ ಪ್ರತ್ಯೇಕ ವೇಳೆ ಹಾಗೂ ಬಟ್ಟೆ ಬದಲಿಸಲು ಮರೆಯಾದ ಕೋಣೆ.

ಶ್ರೀಮಠವು ಅನ್ನ ಮತ್ತು ಅಕ್ಷರ ದಾಸೋಹಗಳನ್ನು ನಡೆಸುತ್ತ ಬಂದಿದೆ. ಕಟ್ಟಡಗಳಿಗೆ ಉದಾರವಾಗಿ ನೀಡಿದ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇನ್ನು ಈ ವಿದ್ಯೆಯತ್ತಲೂ ಮನಸ್ಸು ಮಾಡಲಿ. ನಮ್ಮ ಶಾಲೆಯಿಂದ ಒಬ್ಬ ಒಲಿಂಪಿಕ್ಸ್ ಈಜುಗಾರ್ತಿ ಹೊಮ್ಮದಿದ್ದರೂ ಚಿಂತೆಯಿಲ್ಲ. ನೀರಿಗೆ ಬಿದ್ದ ಒಬ್ಬ ಬಾಲಕಿ ತಾನೇ ಈಜಿ ದಡ ಸೇರಿದರೂ ಆ ದಾನ ಸಾರ್ಥಕವೆಂಬುದು ನನ್ನ ನಮ್ರ ಅಭಿಪ್ರಾಯ.