ಮಹಿಷಾಸುರನಿಗೆ ಎಷ್ಟು ಹೊಗೆ ಬೇಕು?

ನಮ್ಮ ಕನ್ನಡ ಶಾಲೆಯ ಈ ಸಲದ ನಾಟಕದಲ್ಲಿ ಮಹಿಷಾಸುರ ಬರುತ್ತಾನೆ ಎಂದು ನಿಮಗೆ ಗೊತ್ತೇ ಇದೆ. ಅವನು ಬರುವಾಗ ಹೊಗೆ ಬೇಕೇ ಬೇಕು ಎಂದು ಚಿಕ್ಕ ತರಗತಿಯವರೆಲ್ಲ ಹಟ ಹಿಡಿದಿದ್ದಾರೆ. ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಹಾಗಾಗಿ ಈ ತಿಂಗಳ ಅಂಕಣ ಹೊಗೆಯ ಬಗ್ಗೆ.

ಕಿರೀಟಕ್ಕೆ ಜರಿ ತರಲು ನಾವು ಕೆಲವರು ಜೆರಾರ್ಡ್ ಇಂಡಿಯಾ ಬಜಾರ್‌ಗೆ ಹೋಗಿದ್ದೆವು. ಆ ಬಜಾರ್ ಹುಟ್ಟಿದ್ದೇ ಒಂದು ಪರದೆಯಿಂದ. 1972ರಲ್ಲಿ ಜ್ಞಾನ್ ನಾಝ್ ಎಂಬವರು ಅಲ್ಲಿದ್ದ ಈಸ್ಟ್‌ವುಡ್ ಚಿತ್ರಮಂದಿರ ಹಿಡಿದು ನಮ್ಮ ಕಡೆಯ ಸಿನಿಮಾ ತೋರಿಸಲು ಶುರು ಮಾಡಿದರು. ಸಿನಿಮಾಗೆ ಬಂದವರನ್ನು ನೋಡಿ ಸುತ್ತ ಅಂಗಡಿಗಳು ಬಂದವು. ಈಗ ಅಲ್ಲಿ ಜರಿ, ಬಳೆ, ಗೆಜ್ಜೆ ಎಲ್ಲ ಸಿಗುತ್ತದೆ. ಸಾಂಬ್ರಾಣಿಯೂ ಸಿಗುತ್ತದೆ. ಅದನ್ನು ನೋಡಿದ ಕೂಡಲೇ ನಮ್ಮ ಜೊತೆಗಿದ್ದ ಅಂಕಲ್ ಒಬ್ಬರು, "ಮೆಷಿನ್ ಯಾಕೆ? ನಾಲ್ಕು ಪ್ಯಾಕೆಟ್ ಇದನ್ನೇ ಹಚ್ಚೋಣ" ಅಂದರು.

ಬೇಡ. ಸಾಂಬ್ರಾಣಿ ಎಂದರೆ ಕೆಂಡ, ಕೆಂಡದ ಪಕ್ಕದಲ್ಲಿ ಬಟ್ಟೆಯ ಪರದೆ, ಪರದೆಯ ಪಕ್ಕದಲ್ಲಿ ಪಾಲಿಯೆಸ್ಟರ್ ಹಾಕಿಕೊಂಡ ಇಪ್ಪತ್ತು ಮಕ್ಕಳು. ಡ್ರೈ ಐಸ್ ಕೂಡ ಬೇಡ. ಅದು ಮೈನಸ್ 78 ಡಿಗ್ರಿಯ ಗಟ್ಟಿ ಇಂಗಾಲದ ಡೈಆಕ್ಸೈಡ್. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಅದರ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ನಮ್ಮ ನಾಟಕದಲ್ಲಿ ನೆಲದ ಮೇಲೆ ಕೂತಿರುವವರು ಯಾರು? ಒಂದನೇ ತರಗತಿಯವರು.

ಉಳಿದದ್ದು ಅಗ್ಗದ ಹೊಗೆ ಯಂತ್ರ. 400 ವ್ಯಾಟ್‌ನ ಚಿಕ್ಕದು ಸಾಕು. ಹ್ಯಾಲೋವೀನ್ ಮುಗಿದ ಮರುದಿನ ಇದರ ಬೆಲೆ ಇಳಿಯುತ್ತದೆ. ಆ ದಿನ ನವೆಂಬರ್ 1, ನಮ್ಮ ರಾಜ್ಯೋತ್ಸವ, ಮರೆಯುವ ಪ್ರಶ್ನೆಯೇ ಇಲ್ಲ! ಅದರೊಳಗೆ ಏನೂ ಉರಿಯುವುದಿಲ್ಲ. ನೀರು ಮತ್ತು ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆಸಿದ ದ್ರವವನ್ನು ಪುಟ್ಟ ಪಂಪ್ ಒಂದು ಕಾದ ಲೋಹದೊಳಗೆ ತಳ್ಳುತ್ತದೆ. ದ್ರವ ಆವಿಯಾಗಿ ಹೊರಗೆ ಬಂದು, ತಣ್ಣನೆಯ ಗಾಳಿ ತಾಗಿದಾಗ ಸಣ್ಣ ಸಣ್ಣ ಹನಿಯಾಗುತ್ತದೆ. ಅಂದರೆ ಇದು ಹೊಗೆಯೇ ಅಲ್ಲ, ಮಂಜು. ಮೂತಿ ಮಾತ್ರ ವಿಪರೀತ ಬಿಸಿ ಇರುತ್ತದೆ, ಮುಟ್ಟಬೇಡಿ. ಮಂಜು ನೆಲಕ್ಕೆ ಅಂಟಿಕೊಂಡು ಹರಿಯಬೇಕಾದರೆ ಐಸ್ ತುಂಬಿದ ಡಬ್ಬಿಯೊಂದರ ಮೂಲಕ ಹಾಯಿಸಿ. ಯಂತ್ರದ ಜೊತೆ ಹೇಳಿದ ದ್ರವವನ್ನೇ ಹಾಕಿ, ಮನೆಯಲ್ಲಿ ಕಲಸಬೇಡಿ.

ಅಗ್ಗದ್ದಕ್ಕೆ ಒಂದು ಗುಣ ಇದೆ: ಸ್ವಲ್ಪ ಹೊತ್ತು ಊದಿ ನಿಂತುಬಿಡುತ್ತದೆ. ಮತ್ತೆ ಕಾಯಲು ಸಮಯ ಬೇಕು. ಇದನ್ನು ದೋಷ ಅನ್ನುವವರಿದ್ದಾರೆ. ನನಗಂತೂ ಇದೇ ಅದರ ಒಳ್ಳೆಯ ಅಂಶ, ಯಾಕೆಂದರೆ ದೊಡ್ಡದನ್ನು ಕೊಟ್ಟರೆ ನಮ್ಮವರು ಇಡೀ ನಾಟಕ ಊದುತ್ತಾರೆ.

ಕರೆಂಟ್ ಲೆಕ್ಕವೂ ನೋಡಿಕೊಳ್ಳಿ. ಇಲ್ಲಿನ ಸಾಮಾನ್ಯ ಪ್ಲಗ್ 120 ವೋಲ್ಟ್, 15 ಆಂಪಿಯರ್. ಒಟ್ಟು 1800 ವ್ಯಾಟ್. ಕಾಫಿ ಬಾಯ್ಲರ್ 1500 ಇದ್ದರೆ, ಯಂತ್ರದ 400 ಸೇರಿ 1900. ಎರಡೂ ಒಂದೇ ಲೈನ್‌ನಲ್ಲಿದ್ದರೆ ದೇವಿ ಬರುವ ಮೊದಲೇ ಕತ್ತಲೆ. ಆಂಟಿಯರೇ, ದಯವಿಟ್ಟು ಕಾಫಿ ಆ ಕಡೆ ಗೋಡೆಗೆ.

ಈಗ ಅಲಾರಂ. ಹಾಲ್‌ನ ಡಿಟೆಕ್ಟರ್‌ಗೆ ಬೆಂಕಿಯ ಹೊಗೆಗೂ ನಮ್ಮ ಮಂಜಿಗೂ ವ್ಯತ್ಯಾಸ ತಿಳಿಯದೆ ಹೋಗಬಹುದು. "ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದರೆ ಆಯ್ತು" ಎಂಬ ಸಲಹೆ ರಿಹರ್ಸಲ್‌ನಲ್ಲಿ ಆಗಲೇ ಬಂದಿದೆ. ಸಲಹೆ ಕೊಟ್ಟವರು ನನಗಿಂತ ದೊಡ್ಡವರು, ಆದರೂ ಹೇಳುತ್ತೇನೆ: ಚೀಲ ಕಟ್ಟಬಾರದು, ಒಂಟಾರಿಯೊದಲ್ಲಿ ಅದು ಕಾನೂನಿಗೆ ವಿರುದ್ಧ. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತರು. ಅದೂ ಒಂದು ಸೆಟ್ಟೇ, ಅಲ್ಲಿದ್ದವರೂ ವೇಷ ಹಾಕಿಕೊಂಡವರೇ. ಮೊದಲೇ ಹಾಲ್‌ನವರಿಗೆ ಹೇಳಿ, ಅವರು ಒಪ್ಪಿದರೆ ಮಾತ್ರ, ಅವರು ಹೇಳಿದ ರೀತಿಯಲ್ಲೇ ಮಾಡಬೇಕು. ಬೇಡ ಅಂದರೆ ಬೇಡ.

ಇನ್ನೊಂದು ವಿಷಯ ಕೆಲವರಿಗೆ ಗೊತ್ತಿಲ್ಲ. ನಮ್ಮ ಮಹಿಷಾಸುರನಿಗೆ ಆಸ್ತಮಾ ಇದೆ. (ಅವನನ್ನೂ ಅವನ ಅಮ್ಮನನ್ನೂ ಕೇಳಿಯೇ ಬರೆಯುತ್ತಿದ್ದೇನೆ.) ಈ ಮಂಜು ಗಂಟಲು ಒಣಗಿಸುತ್ತದೆ, ಆಸ್ತಮಾ ಇರುವವರಿಗೆ ಕೆಮ್ಮು, ಉಬ್ಬಸ ಬರಿಸಬಹುದು. ಹಾಗಾದರೆ ಪಾತ್ರ ಬೇರೆಯವರಿಗೆ ಕೊಡೋಣ ಎಂದು ಒಂದು ಮಾತು ಬಂತು. ಅವನು ಮೂರು ತಿಂಗಳಿಂದ ಆ ಆರ್ಭಟ ಕಲಿತಿದ್ದಾನೆ. ಕಷ್ಟಪಟ್ಟು, ಕನ್ನಡದಲ್ಲಿ. ಹೊಗೆಗಾಗಿ ಪಾತ್ರಧಾರಿಯನ್ನು ಬದಲಾಯಿಸುವುದು ಎಂಥ ನ್ಯಾಯ?

ದಾರಿ ತೋರಿಸಿದ್ದು ಯಕ್ಷಗಾನ. ದಕ್ಷಿಣ ಕನ್ನಡ, ಕಾಸರಗೋಡು ಕಡೆಯ 'ದೇವಿ ಮಹಾತ್ಮೆ' ಆಟದಲ್ಲಿ ಮಹಿಷಾಸುರ ಪರದೆಯ ಹಿಂದಿನಿಂದ ಬರುವುದಿಲ್ಲ. ಜನರ ಹಿಂದಿನಿಂದ, ಅವರ ಮಧ್ಯದಿಂದ, ದೊಂದಿಗಳ ಜೊತೆ ಬರುತ್ತಾನೆ. ದೊಂದಿಗೆ ರಾಳದ ಹುಡಿ ಎರಚಿದಾಗ ಬೆಂಕಿ ಭಗ್ಗೆಂದು ಏಳುತ್ತದೆ. ಅದು ಬಯಲಾಟ, ಮೇಲೆ ಆಕಾಶ ಇದೆ. ನಮಗೆ ಮೇಲೆ ಇರುವುದು ಡಿಟೆಕ್ಟರ್. ಬೆಂಕಿ ನಮಗೆ ಬೇಡ, ಆ ದಾರಿ ಮಾತ್ರ ಸಾಕು.

ಹೀಗೆ ಮಾಡೋಣ ಎಂದಿದ್ದೇವೆ. ಚೆಂಡೆ ಶುರುವಾದಾಗ ಖಾಲಿ ವೇದಿಕೆಯ ಮೇಲೆ ಹತ್ತು ಸೆಕೆಂಡ್ ಮಂಜು, ಕೆಂಪು ದೀಪ. ಎಲ್ಲರೂ ಅಲ್ಲಿ ನೋಡುತ್ತಿರುವಾಗ ಅವನು ಹಾಲ್‌ನ ಹಿಂದಿನ ಬಾಗಿಲಿನಿಂದ ಆರ್ಭಟಿಸುತ್ತಾ ನಿಧಾನವಾಗಿ ಬರುತ್ತಾನೆ. ಪಕ್ಕದ ಎರಡೂ ಬಾಗಿಲು ತೆರೆದಿರುತ್ತವೆ. ಮಂಜು ತೆಳುವಾಗದೆ ಅವನು ಮೆಟ್ಟಿಲು ಹತ್ತುವುದಿಲ್ಲ. ಅವನ ಡಾಕ್ಟರ್ ಒಪ್ಪಿದರೆ ಮುಂದಿನ ಶನಿವಾರ ಪ್ರಯೋಗ, ಇನ್‌ಹೇಲರ್ ಹಿಡಿದು ಅಮ್ಮ ಮೊದಲ ಸಾಲಿನಲ್ಲಿರುತ್ತಾರೆ. ಅವನು ಒಮ್ಮೆ ಕೆಮ್ಮಿದರೂ ಯಂತ್ರ ಡಬ್ಬಿಗೆ, ಕೆಂಪು ದೀಪ ಮಾತ್ರ.

ಮಂಜು ಬಿದ್ದ ಜಾಗ ಜಾರುತ್ತದೆ, ದೇವಿಯ ಪಾತ್ರದವಳು ಬರಿಗಾಲಲ್ಲಿ ಕುಣಿಯುತ್ತಾಳೆ. ಒರೆಸುವ ಬಟ್ಟೆ ಹಿಡಿದು ನಿಲ್ಲಲು ಇಬ್ಬರು ಬೇಕು. ಯಾರು ಬರುತ್ತೀರಿ, ಈ ಮೇಲ್‌ಗೇ ಉತ್ತರಿಸಿ.